ಮಲ್ಲಿಗೆ ಹೊತ್ತವಳು

ನಮ್ಮವ್ವನಿಗೆ ಎಪ್ಪತ್ತೊಂದು ತುಂಬಿದ ವರ್ಷ, ನಮ್ಮೂರಿನ ಕಲಾ ಸಂಗ್ರಹಾಲಯದವರು ಅವಳನ್ನು ಮೂರು ತಿಂಗಳು ನಿಲ್ಲಿಸುವುದೆಂದು ತೀರ್ಮಾನ ಮಾಡಿದರು. ಅವಳನ್ನು ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ನನಗೆ ಗೊತ್ತಾದದ್ದು ಪರದೆಗಳಿಂದ. ಸಂಗ್ರಹಾಲಯದ ಗೇಟಿನ ಎದುರು, ಹೊಂಗೆಮರದ ಕೆಳಗೆ ನನ್ನ ಇಸ್ತ್ರಿ ಗಾಡಿ ಇದೆ. ವಿಶೇಷ ಪ್ರದರ್ಶನ ಹತ್ತಿರ ಬಂತೆಂದರೆ ಒಳಗಿನ ಕಿಟಕಿ ಪರದೆಗಳೆಲ್ಲ ಒಗೆಸಿಕೊಂಡು ನನ್ನ ಗಾಡಿಗೆ ಬರುತ್ತವೆ. ಸಣ್ಣ ಪ್ರದರ್ಶನವಾದರೆ ನಾಲ್ಕು ಪರದೆ, ದೊಡ್ಡದಾದರೆ ಹತ್ತು. ಆ ಸಲ ಮೂವತ್ತೆರಡು ಬಂದವು. ಹೊತ್ತು ತಂದವನು ಕಾವಲುಗಾರ ರುದ್ರಮುನಿ. ನಮ್ಮ ಓಣಿಯವನೇ. ಗಂಟು ಇಳಿಸಿ ನನ್ನ ಮುಖ ನೋಡದೆ ನಿಂತ.

"ಏನೋ ಇದು, ಅರಮನೆ ಮದುವೆಯಾ?" ಎಂದೆ.

"ರಾಯರ ಶತಮಾನೋತ್ಸವ ಅಕ್ಕ. ಅವರು ಬರೆದಿದ್ದೆಲ್ಲ ಹಾಕ್ತಾರಂತೆ. ಮೂರು ತಿಂಗಳು."

"ಅವ್ವಂದೂ ಐತಾ?"

"ಅದೇ ಮೊದ್ಲು. ಬಾಗಿಲಿಗೆ ಎದುರಾಗಿ."

ಸುಟ್ಟ ವಾಸನೆ ಬಂದಾಗಲೇ ನಾನು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಹಾಗೇ ಬಿಟ್ಟಿದ್ದೇನೆ ಅಂತ ಗೊತ್ತಾಗಿದ್ದು. ಯಾರದೋ ಬಿಳಿ ಅಂಗಿ. ಆ ಅಂಗಿಯವರ ಹತ್ತಿರ ಆಮೇಲೆ ಬೈಸಿಕೊಂಡೆ.

ನಮ್ಮೂರಲ್ಲಿ ಇದು ಎಳೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಚಿತ್ರ ಗೋಡೆಗೇರಿ, ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದು ದೀಪ ಹಾಕಿದರೆಂದರೆ, ಆ ಚಿತ್ರದಲ್ಲಿರುವವರು ಎಲ್ಲೇ ಇರಲಿ, ಚಿತ್ರದಲ್ಲಿರುವ ಹಾಗೇ ಆಗಿಬಿಡುತ್ತಾರೆ. ಸಂಜೆ ಐದೂವರೆಗೆ ದೀಪ ಆರಿಸಿದ ಮೇಲೆ ಬಿಡುಗಡೆ. ಸೋಮವಾರ ರಜಾ. ಒಬ್ಬ ತಪ್ಪಿಸಿಕೊಳ್ಳಲು ಇನ್ನೂರು ಮೈಲಿ ದೂರದ ಮಾವನ ಮನೆಗೆ ಹೋಗಿದ್ದ. ಅಲ್ಲಿನ ಬಸ್ ನಿಲ್ದಾಣದಲ್ಲೇ ಕೈಯಲ್ಲಿ ಇಲ್ಲದ ಕೊಳಲು ಹಿಡಿದುಕೊಂಡು ಸಂಜೆವರೆಗೆ ನಿಂತ. ಊರಿನ ದೊಡ್ಡವರು ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ಎಂದೋ ಕಲಿತಿದ್ದಾರೆ. ಅವರೆಲ್ಲ ಕೂತೇ ಬರೆಸಿಕೊಳ್ಳುತ್ತಾರೆ. ಅಗ್ರಹಾರದ ವಕೀಲರು ಎರಡು ದಿಂಬಿಗೆ ಒರಗಿ ಬರೆಸಿಕೊಂಡರು. ಒಬ್ಬ ಹೆಡ್‌ಮಾಸ್ಟರು ಪುಸ್ತಕ ಹಿಡಿದು ಬರೆಸಿಕೊಂಡು, ಪ್ರದರ್ಶನ ಬಂದಾಗೆಲ್ಲ ಒಂದೇ ಪುಟ ನೋಡಿ ನೋಡಿ ಬಾಯಿಪಾಠವಾಗಿದೆ ಎಂದು ನಗುತ್ತಿದ್ದರು. ನಗಬಹುದು. ಕುರ್ಚಿಯ ಮೇಲೆ ಕೂತವರು ನಗಬಹುದು.

ಅವ್ವ ಕೂತು ಬರೆಸಿಕೊಂಡವಳಲ್ಲ. ಬರೆಸಿಕೊಂಡವಳೇ ಅಲ್ಲ. ಐವತ್ತೆರಡು ವರ್ಷದ ಹಿಂದೆ ಅವಳು ಸುಣ್ಣದ ಗೂಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಹೆಂಗಸರು ಸುಟ್ಟ ಸುಣ್ಣವನ್ನು ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುತ್ತಿದ್ದರು. ಒಂದು ಬೆಳಿಗ್ಗೆ ಚಿತ್ರಗಾರ ಪದ್ಮಾಕರ ರಾಯರು ಮಡಿಸುವ ಕುರ್ಚಿ ತಂದು ನೆರಳಲ್ಲಿ ಹಾಕಿಕೊಂಡು ಕೂತರು. ಅವ್ವನ ಕಡೆ ಬೆರಳು ಮಾಡಿ ಮೇಸ್ತ್ರಿಗೆ ಏನೋ ಹೇಳಿದರು. ಮೇಸ್ತ್ರಿ ಬಂದು, "ಏ ಓಬಿ, ಅಲ್ಲೇ ನಿಂತ್ಕೊ, ಅಲ್ಲಾಡಬೇಡ" ಎಂದ. ಓಬಕ್ಕ ನನ್ನವ್ವನ ಹೆಸರು. ಆಗ ಹತ್ತೊಂಬತ್ತು ವರ್ಷ. ಬಲಗೈ ಮೇಲೆತ್ತಿ ತಲೆಮೇಲಿನ ಬುಟ್ಟಿ ಹಿಡಿದು, ಎಡಗೈ ಸೊಂಟದ ಮೇಲಿಟ್ಟು, ಒಂದೇ ಕಾಲಿಗೆ ಭಾರ ಬಿಟ್ಟು, ಮುಖ ಎಡಕ್ಕೆ ತಿರುಗಿಸಿ ಒಂಬತ್ತು ದಿನ ಬಿಸಿಲಲ್ಲಿ ನಿಂತಳು. ಬೆವರಿಗೆ ಸುಣ್ಣ ಸೋರಿ ನೆತ್ತಿ ಸುಟ್ಟಿತು. ಅಲ್ಲಿ ಇವತ್ತಿಗೂ ಕೂದಲಿಲ್ಲ.

ರಾಯರಿಗೆ ಸುಣ್ಣ ಹಿಡಿಸಲಿಲ್ಲವೋ ಏನೋ. ಬುಟ್ಟಿ ತುಂಬ ಮಲ್ಲಿಗೆ ಹೂ ಬರೆದರು. 'ಮಲ್ಲಿಗೆ ಹೊತ್ತವಳು' ಅಂತ ಹೆಸರಿಟ್ಟರು. ಒಂಬತ್ತು ವರ್ಷದವಳಿದ್ದಾಗ ಶಾಲೆಯ ಮಕ್ಕಳ ಜೊತೆ ಹೋಗಿ ನಾನು ಅದನ್ನು ನೋಡಿದೆ. ಮೇಷ್ಟರು "ಎಷ್ಟು ಸೊಗಸು ನೋಡಿ" ಎಂದರು. ಮಕ್ಕಳು ನೋಡಿದವು. ಆ ಹೊತ್ತಿಗೆ ಮನೆಯಲ್ಲಿ ಅವ್ವ ಬಾಗಿಲ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ಕೈಯೆತ್ತಿ ನಿಂತಿದ್ದಳು. ಬುಟ್ಟಿಯಲ್ಲಿ ಮಲ್ಲಿಗೆ ಇದೆ ಅಂತ ನಾನು ಅವಳಿಗೆ ಹೇಳಲಿಲ್ಲ. ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಯಾಕೆ ಅಂತ ಕೇಳಿದರೆ, ಹೇಳಿದ್ದರೆ ನನ್ನ ಬಾಯಿಯೇ ಸುಡುತ್ತಿತ್ತು. ಅವಳಂತೂ ಆ ಚಿತ್ರ ನೋಡೇ ಇರಲಿಲ್ಲ. ನೋಡುವುದು ಹೇಗೆ? ಚಿತ್ರ ಗೋಡೆಯ ಮೇಲಿದ್ದಾಗ ಅವಳು ಕಂಬದ ಪಕ್ಕ ಇರುತ್ತಿದ್ದಳು. ಅವಳು ಓಡಾಡುವಾಗ ಚಿತ್ರ ಉಗ್ರಾಣದಲ್ಲಿ ಬೀಗದೊಳಗೆ ಇರುತ್ತಿತ್ತು.

ಹಿಂದೆಲ್ಲ ನಾಲ್ಕೈದು ವರ್ಷಕ್ಕೊಮ್ಮೆ ಹತ್ತು ದಿನ ಹಾಕುತ್ತಿದ್ದರು. ಅವ್ವ ಅದನ್ನು ಜ್ವರದ ಹಾಗೆ ಕಳೆಯುತ್ತಿದ್ದಳು. ಹತ್ತರೊಳಗೆ ಅಡಿಗೆ, ನೀರು, ಕಸ ಎಲ್ಲ ಮುಗಿಸಿ ಹೋಗಿ ಕಂಬದ ಹತ್ತಿರ ನಿಂತುಕೊಳ್ಳುವಳು. ಸಂಜೆ ಬಿಟ್ಟ ಮೇಲೆ ಕೈಗೆ ಹರಳೆಣ್ಣೆ ತಿಕ್ಕಿಸಿಕೊಂಡು ಒಲೆ ಹಚ್ಚುವಳು. ಆದರೆ ಅವೆಲ್ಲ ಅವಳ ಗಟ್ಟಿ ಕಾಲದ ಮಾತು. ಮೂರು ತಿಂಗಳು ಅಂದಾಗ ನಾನು ಗಾಡಿ ಮುಚ್ಚಿ ನೆಟ್ಟಗೆ ಸಂಗ್ರಹಾಲಯದ ನಿರ್ದೇಶಕಿಯ ಕೋಣೆಗೆ ಹೋದೆ.

ಅವರ ಹೆಸರು ವಿಭಾವರಿ. ಮೆತ್ತಗೆ ಮಾತಾಡುವವರು. ನನ್ನನ್ನು ಕೂರಿಸಿ ನೀರು ಕೊಟ್ಟರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು.

"ಅಮ್ಮನಿಗೆ ಎಷ್ಟು ವಯಸ್ಸು ಅಂದ್ರಿ?"

"ಎಪ್ಪತ್ತೊಂದು."

"ಕಷ್ಟಾನೇ. ಆದ್ರೆ ಪಾಲಾಕ್ಷಿ ಅವರೇ, ಇಡೀ ಪ್ರದರ್ಶನಕ್ಕೆ ಅದೇ ಮುಖ್ಯ ಚಿತ್ರ. ಆಹ್ವಾನ ಪತ್ರಿಕೆ ಮೇಲೆ ಅದೇ ಇದೆ. ದೂರದೂರದಿಂದ ಅದನ್ನ ನೋಡೋಕೆ ಬರ್ತಾರೆ. ಅಮ್ಮನಿಗೆ ಎಂಥ ಗೌರವ, ಯೋಚನೆ ಮಾಡಿ."

"ಗೌರವ ನೀವೇ ಇಟ್ಕೊಳ್ಳಿ ಮೇಡಂ. ಹತ್ತು ದಿನ ಹಾಕಿ ತೆಗೀರಿ."

"ಸೋಮವಾರ ರಜಾ ಇದ್ದೇ ಇರುತ್ತಲ್ಲ" ಎಂದರು. ಆಮೇಲೆ ಮೇಜಿನ ಖಾನೆ ತೆರೆದು ಎರಡು ನೀಲಿ ಚೀಟಿ ತೆಗೆದು ನನ್ನ ಕೈಗಿಟ್ಟರು. ರೂಪದರ್ಶಿಯ ಕುಟುಂಬಕ್ಕೆ ಉಚಿತ ಪ್ರವೇಶ ಅಂತ ಅದರ ಮೇಲೆ ಅಚ್ಚು ಹಾಕಿತ್ತು. ಇಬ್ಬರಿಗೆ. ನಾನು ಅವನ್ನು ಹರಿದು ಹಾಕಬೇಕಿತ್ತು. ರವಿಕೆಯೊಳಗೆ ತುರುಕಿಕೊಂಡು ಬಂದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಪ್ರದರ್ಶನ ಶುರುವಾಯಿತು. ಹತ್ತಕ್ಕೆ ಸರಿಯಾಗಿ ಅವ್ವನ ಬಲಗೈ ತಾನೇ ಮೇಲೆದ್ದಿತು. ಎಡಗೈ ಸೊಂಟಕ್ಕೆ ಹೋಯಿತು. ಮುಖ ತಿರುಗಿತು. ತುಟಿ ಮುಚ್ಚಿತು. ಚಿತ್ರದಲ್ಲಿ ತುಟಿ ಮುಚ್ಚಿರುವುದರಿಂದ ಸಂಜೆವರೆಗೆ ಅವಳು ಮಾತಾಡುವ ಹಾಗಿಲ್ಲ, ಒಂದು ಗುಟುಕು ನೀರೂ ಇಳಿಯುವುದಿಲ್ಲ. ತೊಲೆಗೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿ ಕೈಗೆ ಆಸರೆ ಕೊಟ್ಟೆ. ಬೆನ್ನಿಗೆ ಹಲಗೆ ಇಟ್ಟೆ. ಕಾಲ ಕೆಳಗೆ ಮಡಿಸಿದ ಗೋಣಿ, ಸೊಂಟಕ್ಕೆ ಬಟ್ಟೆ. ಎಪ್ಪತ್ತೊಂದು ವರ್ಷದ ಹೆಂಗಸಿಗೆ ಮಗುವಿಗೆ ಕಟ್ಟುವ ಹಾಗೆ ಬಟ್ಟೆ ಕಟ್ಟಬೇಕಾಯಿತು. ಕಟ್ಟುವಾಗ ಅವಳು ನನ್ನ ಕಡೆ ನೋಡುವ ಹಾಗೂ ಇರಲಿಲ್ಲ, ನಾಚಿಕೆಗೆ ಕಣ್ಣು ಮುಚ್ಚಿಕೊಳ್ಳುವ ಹಾಗೂ ಇರಲಿಲ್ಲ. ಕಣ್ಣು ಎಡಕ್ಕೇ ನೆಟ್ಟಿತ್ತು. ಆ ಕಣ್ಣಿಂದ ನೀರು ಬಂದರೂ ಚಿತ್ರದಲ್ಲಿದ್ದ ಹಾಗೇ ಮುಖ ಶಾಂತವಾಗಿರುತ್ತಿತ್ತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಳುವುದಕ್ಕೂ ಬಿಡದ ಹಾಗೆ ಬರೆದಿದ್ದ ಆ ಮನುಷ್ಯ.

ಐದೂವರೆಗೆ ಕೈ ಬಿದ್ದ ಕೂಡಲೇ ಮಾತು ಶುರುಮಾಡುವಳು. ದಿನವೆಲ್ಲ ಕೂಡಿಟ್ಟ ಮಾತು. ಪಕ್ಕದ ಮನೆ ಬೆಕ್ಕು ಹಾಲಿಗೆ ಬಾಯಿ ಹಾಕಿದ್ದು, ಬೀದಿಯಲ್ಲಿ ಯಾರೋ ಯಾರಿಗೋ ಬೈದದ್ದು, ತನ್ನ ಕಿವಿಯ ಮೇಲೆ ನೊಣ ಕೂತು ಎಷ್ಟು ಹೊತ್ತು ಏಳಲಿಲ್ಲ ಅನ್ನುವುದು. ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳುವಳು. ರಾಯರಿಗೆ ಒಂದು ಬೈಗುಳವನ್ನೂ ಬೈಯುತ್ತಿರಲಿಲ್ಲ. ಬೈಯುವುದೆಲ್ಲ ನನ್ನ ಪಾಲಿಗೆ ಬಿಟ್ಟಿದ್ದಳು.

ನಮ್ಮ ಓಣಿಯಲ್ಲಿ ರಾಯರ ಕೈಗೆ ಸಿಕ್ಕವರು ಇನ್ನೊಬ್ಬರು ಉಳಿದಿದ್ದರು. ಬೋರಣ್ಣ. ಹರೆಯದಲ್ಲಿ ಎತ್ತಿನ ಗಾಡಿಯ ನೆರಳಲ್ಲಿ ಮಲಗಿದ್ದವನನ್ನು ಎಬ್ಬಿಸದೆಯೇ ರಾಯರು ಬರೆದುಕೊಂಡು ಹೋಗಿದ್ದರು. 'ಮಧ್ಯಾಹ್ನದ ನಿದ್ದೆ' ಅಂತ ಆ ಚಿತ್ರದ ಹೆಸರು. ಹತ್ತು ಗಂಟೆಗೆ ಬೋರಣ್ಣ ಎಲ್ಲಿದ್ದರೆ ಅಲ್ಲೇ ಮಲಗಿಬಿಡುತ್ತಿದ್ದ. ಜನ ಅವನನ್ನು ಕಂಡರೆ, ನಿನ್ನಷ್ಟು ಪುಣ್ಯವಂತ ಯಾರಿದ್ದಾರೆ ಅನ್ನುತ್ತಿದ್ದರು. ಅವನ ಹೆಂಡತಿ ಸತ್ತದ್ದು ಒಂದು ಪ್ರದರ್ಶನದ ದಿನ ಬೆಳಿಗ್ಗೆ. ಮಣ್ಣು ಮಾಡಿ ಎಲ್ಲರೂ ವಾಪಸು ಬಂದು ಸ್ನಾನ ಮುಗಿಸಿದ ಮೇಲೆ ಅವನಿಗೆ ಎಚ್ಚರವಾಯಿತು. ಆಮೇಲೆ ಪುಣ್ಯವಂತ ಅನ್ನುವವರು ಕಡಿಮೆಯಾದರು, ಪೂರ್ತಿ ನಿಲ್ಲಲಿಲ್ಲ.

ನಾಲ್ಕನೇ ವಾರ ಒಂದು ಮಧ್ಯಾಹ್ನ ಪಕ್ಕದ ಮನೆಯವಳು ಗಾಡಿಯ ಹತ್ತಿರ ಓಡಿಬಂದು, "ಓಬಕ್ಕ ಬಿದ್ದವ್ಳೆ" ಎಂದಳು. ಹೋಗಿ ನೋಡಿದರೆ ಜೋಲಿ ಹರಿದಿತ್ತು. ಅವ್ವ ನೆಲದ ಮೇಲೆ ಬಿದ್ದಿದ್ದಳು, ನಿಂತ ಭಂಗಿಯಲ್ಲೇ. ಕೈ ಮೇಲಕ್ಕೆ, ಇನ್ನೊಂದು ಕೈ ಸೊಂಟದ ಮೇಲೆ. ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು, ಅವಳು ರೆಪ್ಪೆ ಮುಚ್ಚುವ ಹಾಗಿರಲಿಲ್ಲ. ಎತ್ತಿ ನಿಲ್ಲಿಸಲು ಮೂವರು ಬೇಕಾಯಿತು. ಡಾಕ್ಟರು ಬಂದು ಹಣೆಗೆ ಹೊಲಿಗೆ ಹಾಕಿದರು. ಭಾರ ಬಿಟ್ಟ ಕಾಲನ್ನು ಒತ್ತಿ ನೋಡಿದರು. ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು.

"ಇನ್ನೊಂದು ತಿಂಗಳು ನಿಂತ್ರೆ ಈ ಕಾಲು ಉಳಿಯಲ್ಲ" ಎಂದರು.

ಕೈಯ ರಕ್ತ ತೊಳೆಯದೆ ವಿಭಾವರಿ ಮೇಡಂ ಹತ್ತಿರ ಹೋದೆ. ಅವರು ಯಾರೋ ಹೊರಗಿನ ಅತಿಥಿಗಳ ಜೊತೆ ಕಾಫಿ ಕುಡಿಯುತ್ತಿದ್ದರು. ನನ್ನ ಕೈ ನೋಡಿ ಎದ್ದು ಬಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು, ಅದನ್ನೂ ಹೇಳಬೇಕು. ಆದರೆ ಚಿತ್ರ ಇಳಿಸುವ ಅಧಿಕಾರ ತಮಗಿಲ್ಲ, ಸಮಿತಿ ಸೇರಬೇಕು, ಅರ್ಜಿ ಕೊಡಿ ಎಂದರು. ಅಲ್ಲೇ ಕೂತು ಅರ್ಜಿ ಬರೆದೆ. ಎಂಟು ದಿನದ ಮೇಲೆ ಉತ್ತರ ಬಂತು. ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ ಅಂತ ಮೊದಲ ಸಾಲು. ಸಾರ್ವಜನಿಕರಿಂದ ಬಂದ ಅಪಾರ ಪ್ರತಿಕ್ರಿಯೆಯ ಕಾರಣ ಪ್ರದರ್ಶನವನ್ನು ಇನ್ನೊಂದು ತಿಂಗಳು ಮುಂದುವರಿಸಲಾಗಿದೆ ಅಂತ ಎರಡನೆಯ ಸಾಲು. ಮೂರನೆಯ ಸಾಲು ಇರಲಿಲ್ಲ.

ಅವತ್ತು ಸೋಮವಾರ. ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಾನು ಕಾಗದ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, "ಅದನ್ನ ಒಂದ್ಸಲ ನೋಡ್ಬೇಕು ಕಣೆ" ಎಂದಳು.

"ಯಾವ್ದನ್ನ?"

"ಆ ಪಟಾನ."

"ನಿನ್ನ ಈ ಗತಿಗೆ ತಂದಿದ್ದನ್ನ ನೋಡಿ ಏನು ಮಾಡ್ತೀಯ?"

"ಐವತ್ತೆರಡು ವರ್ಷದಿಂದ ನಿಂತಿದ್ದೀನಲ್ಲ. ಯಾತಕ್ಕೆ ಅಂತ ನೋಡ್ಬೇಡ್ವಾ?"

ರುದ್ರಮುನಿಯನ್ನು ಕರೆಸಿದೆ. ಹತ್ತಕ್ಕೆ ಮುಂಚೆ, ದೀಪ ಹಾಕುವ ಮೊದಲು, ಪಕ್ಕದ ಬಾಗಿಲಿಂದ ಒಳಗೆ ಬಿಡು ಎಂದೆ. ಅವನು ನೆಲ ನೋಡುತ್ತ ಕೂತ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ನನಗೆ ಗೊತ್ತಿತ್ತು. ಅವನು ಒಲ್ಲೆ ಅಂದಿದ್ದರೆ ನಾನು ಬೈಯುತ್ತಿರಲಿಲ್ಲ. "ಶನಿವಾರ ಬನ್ನಿ. ಅವತ್ತು ಜನ ಜಾಸ್ತಿ" ಎಂದ. ಅವನು ಹಾಗಂದಾಗ ನನಗೆ ತಿಳಿಯಿತು, ನಾನು ಬಾಯಿಬಿಟ್ಟು ಹೇಳದೆ ಇದ್ದದ್ದೂ ಅವನಿಗೆ ಅರ್ಥವಾಗಿದೆ ಅಂತ. ಹತ್ತಾದ ಮೇಲೆ ನಾನು ಅವ್ವನನ್ನು ಅಲ್ಲಿಂದ ಕದಲಿಸುವವಳಲ್ಲ. ಚಿತ್ರ ನೋಡಲು ಬಂದವರೆಲ್ಲ ಅವಳನ್ನೂ ನೋಡಲಿ. ಅವ್ವನಿಗೆ ಇದನ್ನು ಹೇಳಿದಾಗ, "ನೋಡ್ಲಿ ಬುಡು" ಎಂದಳು. ಬಾಗಿಲಲ್ಲಿ ಬೀಡಿ ಸೇದುತ್ತ ನಿಂತಿದ್ದ ಬೋರಣ್ಣ, "ನಾನೂ ಬತ್ತೀನಿ ಕಣವ್ವ, ನಂದೂ ನೋಡಿಲ್ಲ" ಎಂದ.

ಶನಿವಾರ ಬೆಳಿಗ್ಗೆ ಇಸ್ತ್ರಿ ಗಾಡಿಯ ಮೇಲೆ ಹಾಸಿಗೆ ಹಾಸಿ ಅವ್ವನನ್ನು ಕೂರಿಸಿದೆ. ಅವಳು ಹಬ್ಬಕ್ಕೆಂದು ಇಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ತಲೆ ಬಾಚಿ, ನೆತ್ತಿಯ ಬೋಳು ಕಾಣದ ಹಾಗೆ ಸೆರಗು ಹೊದ್ದಿದ್ದಳು. ನಾನು ಗಾಡಿ ತಳ್ಳಿದೆ, ಬೋರಣ್ಣ ಹಿಂದೆ ಕೈ ಹಾಕಿದ. ರುದ್ರಮುನಿ ಪಕ್ಕದ ಬಾಗಿಲ ಚಿಲಕ ತೆಗೆದು, ಅವ್ವನನ್ನು ಎತ್ತಿಕೊಂಡೇ ಒಳಗೆ ಹೋದ. ನಾನು ಆ ನೀಲಿ ಚೀಟಿಗಳನ್ನು ಅವನ ಜೇಬಿಗೆ ಹಾಕಿದೆ. ಆಮೇಲೆ ಕಳ್ಳತನದಲ್ಲಿ ಬಂದರು ಅಂತ ಯಾರೂ ಹೇಳಬಾರದು.

ದೊಡ್ಡ ಕೋಣೆಯಲ್ಲಿ ಮೇಲಿನ ಗವಾಕ್ಷಿಯಿಂದ ಬರುತ್ತಿದ್ದ ಬೆಳಕು ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಅದು ಸಾಕಾಗಿತ್ತು. ಚಿತ್ರ ಆಳೆತ್ತರ ಇತ್ತು. ಅವ್ವ ನನ್ನ ತೋಳು ಹಿಡಿದುಕೊಂಡು ಅದರ ಮುಂದೆ ನಿಂತಳು. ತುಂಬ ಹೊತ್ತು ನೋಡಿದಳು. ನಾನು ಅವಳ ಬಾಯಿಂದ ಶಾಪಕ್ಕೆ ಕಾಯುತ್ತಿದ್ದೆ.

"ಇಷ್ಟು ಚೆನ್ನಾಗಿದ್ನೇನೆ ನಾನು?" ಎಂದಳು.

ಅವಳು ಇನ್ನೂ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿಕೊಂಡಳು. "ಬುಟ್ಟೀಲಿ ಏನದು?"

"ಮಲ್ಲಿಗೆ."

"ಹೂವಾ?" ಅವ್ವ ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಬೋರಣ್ಣನೂ ನಗುವ ಹಾಗೆ ನಕ್ಕಳು. "ಅದ್ಕೇ ಮುಖ ಅಷ್ಟು ಹಗುರಾಗೈತೆ. ಹೂವಾ ಹೊತ್ತಿದ್ರೆ ನಾನೂ ಒಂಬತ್ತು ತಿಂಗಳು ನಿಂತಿರ್ತಿದ್ದೆ." ಆಮೇಲೆ ನಗು ನಿಂತಿತು. ಸೆರಗು ಜಾರಿಸಿ ನೆತ್ತಿ ಮುಟ್ಟಿಕೊಂಡಳು. "ಎಲ್ಲಾ ನೋಡಿದ್ನಲ್ಲೆ ಅವನು. ನೋಡ್ಕೊಂಡೇ ಕೂತಿದ್ದ. ಹೊಗೆ ಏಳ್ತಿತ್ತು ನನ್ನ ತಲೆಯಿಂದ" ಎಂದಳು. ಇದೇ ಮೊದಲ ಸಲ ಅವಳ ದನಿಯಲ್ಲಿ ಸಿಟ್ಟು ಕೇಳಿದ್ದು. ನನ್ನ ಹಾಗೆ ಕೂಗುವ ಸಿಟ್ಟಲ್ಲ. ಕಲ್ಲು ಕೆಳಗಿಟ್ಟ ಹಾಗಿತ್ತು.

"ಅಕ್ಕ, ಹತ್ತಾಯ್ತು" ಎಂದ ರುದ್ರಮುನಿ. ಅವನ ಕೈ ಸ್ವಿಚ್ಚಿನ ಮೇಲಿತ್ತು.

ನಾನು ಅವ್ವನ ಮುಖ ನೋಡಿದೆ. ಅವಳು ತಲೆಯಾಡಿಸಿದಳು. "ಹಾಕು" ಎಂದೆ. ನನ್ನ ಬಾಯಿಂದಲೇ ಅಂದೆ. ಆ ಮಾತು ಈಗಲೂ ನನಗೆ ಚುಚ್ಚುತ್ತದೆ.

ದೀಪ ಹತ್ತಿತು. ಅವ್ವನ ಕೈ ಎದ್ದಿತು. ತನ್ನ ಪಟ ನೋಡಲು ಹೊರಟಿದ್ದ ಬೋರಣ್ಣ ಎರಡನೇ ಕೋಣೆಯ ಬಾಗಿಲಲ್ಲೇ ಕುಸಿದು ಮಲಗಿದ. ಮುಂಬಾಗಿಲು ತೆರೆದು ಜನ ಬಂದರು. ಬಸ್ಸುಗಳಲ್ಲಿ ಬಂದವರು, ಕೊರಳಿಗೆ ಚೀಟಿ ನೇತುಹಾಕಿಕೊಂಡವರು. ಮೊದಲು ಬಂದವರು ಅವ್ವನನ್ನು ಕಂಡು ಗಕ್ಕನೆ ನಿಂತರು. ಒಮ್ಮೆ ಚಿತ್ರ ನೋಡಿದರು, ಒಮ್ಮೆ ಅವಳನ್ನು. ಅದೇ ಕೈ, ಅದೇ ಕತ್ತು. ಹಣೆಯ ಮೇಲೆ ಹೊಲಿಗೆ. ಊದಿದ ಕಾಲು. ನಡುಗುವ ತೋಳು. ಈಗ ಯಾರಾದರೂ ಏನಾದರೂ ಹೇಳುತ್ತಾರೆ ಅಂತ ನಾನು ಕಾದೆ. ಕನ್ನಡಕದ ಒಬ್ಬಾತ ಹೇಳಿದ.

"ಅದ್ಭುತ ಪರಿಕಲ್ಪನೆ" ಎಂದ ಪಕ್ಕದವಳಿಗೆ. "ಕಾಲ ಮತ್ತು ದೇಹ. ಎರಡನ್ನೂ ಎದುರುಬದುರು ಇಟ್ಟಿದ್ದಾರೆ."

"ಇದು ನಮ್ಮವ್ವ" ಎಂದೆ. "ಪರಿಕಲ್ಪನೆ ಅಲ್ಲ. ಆ ಪಟ ಇಳಿಸೋವರೆಗೂ ಇವಳು ಕೈ ಇಳಿಸೋಕಾಗಲ್ಲ. ನೀರೂ ಕುಡಿಯೋಕಾಗಲ್ಲ."

ಅವನು ನನ್ನ ಮಾತನ್ನು ಗಮನವಿಟ್ಟು ಕೇಳಿದ. ಪೂರ್ತಿ ಕೇಳಿ, ನನ್ನ ಧ್ವನಿಯಲ್ಲಿ ಎಷ್ಟು ಸಹಜತೆ ಇದೆ ಅಂತ ಅವಳಿಗೆ ಹೇಳಿದ. ಸುತ್ತ ಜನ ಸೇರಿತು. ಫೋನುಗಳು ಮೇಲೆದ್ದವು. ಒಬ್ಬಳು ಬೋರಣ್ಣನ ಪಕ್ಕ ಮಂಡಿಯೂರಿ ಅವನ ಗೊರಕೆಯನ್ನು ಫೋನಿಗೆ ಹಿಡಿದುಕೊಂಡಳು. ನಾನು ಕೂಗಿದೆ. ಕೂಗಿದಷ್ಟೂ ಜನ ಸುಮ್ಮನಾಗಿ ಇನ್ನೂ ಚೆನ್ನಾಗಿ ಕೇಳಿದರು. ಅವ್ವನ ಸೀರೆಯಂಚಿನಿಂದ ನೀರು ಸೋರಿ ನೆಲಕ್ಕೆ ಹರಿಯಿತು. ಹತ್ತಿರವಿದ್ದವರು ಚಪ್ಪಲಿ ನೆನೆಯದ ಹಾಗೆ ಒಂದು ಹೆಜ್ಜೆ ಹಿಂದಿಟ್ಟರು. ಅಷ್ಟೇ. ಹೊರಟು ಹೋದವರು ಒಬ್ಬರೂ ಇಲ್ಲ.

ವಿಭಾವರಿ ಮೇಡಂ ಓಡುತ್ತ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಹೊರಗೆ ಹಾಕಿಸುತ್ತಾರೆ ಅಂದುಕೊಂಡೆ. ಅವರು ಜನರ ಕಡೆ ನೋಡಿದರು. ಆ ಮೌನ, ಆ ಕಣ್ಣುಗಳನ್ನು ನೋಡಿದರು. ಅವರ ಮುಖಕ್ಕೆ ಮೆಲ್ಲಗೆ ಬಣ್ಣ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಪಕ್ಕಕ್ಕೆ ಬಂದು ಕಿವಿಯ ಹತ್ತಿರ ಬಗ್ಗಿದರು.

"ದಿನಾ ಕರ್ಕೊಂಡು ಬರೋಕಾಗುತ್ತಾ?" ಎಂದರು. "ಫ್ಯಾನ್ ಹಾಕಿಸ್ತೀನಿ. ಹೇಗೂ ಮನೇಲೂ ನಿಂತೇ ಇರ್ತಾರಲ್ಲ."

ಜನ ಮುಟ್ಟದ ಹಾಗೆ ಕಟ್ಟಿದ್ದ ಹಗ್ಗ ದಾಟಿ ಹೋಗಿ ಚಿತ್ರದ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದೆ. ಇಷ್ಟು ವರ್ಷ ಕಬ್ಬಿಣದ ಪೆಟ್ಟಿಗೆ ಎತ್ತಿದ ಕೈ, ಆದರೂ ಅದು ಭಾರವಿತ್ತು. ಮೇಲಕ್ಕೆ ಎತ್ತಿ ಮೊಳೆಯಿಂದ ಬಿಡಿಸಿದೆ. ಎಲ್ಲೋ ಗಂಟೆ ಕಿರುಚತೊಡಗಿತು. ಮೇಡಂ ನನ್ನ ರಟ್ಟೆ ಹಿಡಿದು ಎಳೆದರು. ಕನ್ನಡಕದವನು ಫೋನು ಇನ್ನೂ ಇಳಿಸಿರಲಿಲ್ಲ. ಚಿತ್ರವನ್ನು ನೆಲಕ್ಕಿಟ್ಟು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿದೆ.

ಹಿಂದೆ ಅವ್ವನ ಕೈ ಬಿದ್ದ ಸದ್ದು ಕೇಳಿತು. ಅವಳ ಕಾಲು ಮಡಚಿಕೊಂಡಿತು. ಹಾಗೇ ನೆಲಕ್ಕೆ ಕೂತಳು, ಆ ಒದ್ದೆಯಲ್ಲೇ. ಬಾಯಿ ತೆರೆದು ಉಸಿರು ಎಳೆದುಕೊಂಡಳು. ಆಗ ಜನ ಹೆದರಿದರು. ಅವರ ಕಣ್ಣೆದುರು ಕೈಯೆತ್ತಿ ನಿಂತಿದ್ದಾಗ ಹೆದರದವರು, ಕೈ ಇಳಿಸಿ ಮನುಷ್ಯಳಾದಾಗ ಹೆದರಿದರು. ಒಬ್ಬೊಬ್ಬರಾಗಿ ಫೋನು ಕೆಳಗಿಳಿಸಿದರು. ಯಾರೋ ನೀರಿನ ಬಾಟಲಿ ಚಾಚಿದರು. ಅವ್ವ ಅದನ್ನು ಇಸಿದುಕೊಂಡು ಅರ್ಧ ಕುಡಿದು, ಅರ್ಧ ಮುಖಕ್ಕೆ ಹಾಕಿಕೊಂಡಳು.

"ಬೋರಣ್ಣ ಬರೀ ನೆಲದ ಮೇಲೆ ಬಿದ್ದವ್ನೆ" ಎಂದಳು. "ಅವನ್ನೂ ಎಬ್ಬಿಸ್ರಿ."

ಯಾರೂ ಅಲ್ಲಾಡಲಿಲ್ಲ. ಮೇಡಂ, "ರುದ್ರಮುನಿ, ಬಾಗಿಲು ಹಾಕು, ಪೊಲೀಸಿಗೆ ಫೋನ್ ಮಾಡು" ಎಂದರು. ರುದ್ರಮುನಿ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ. ನೆಟ್ಟಗೆ ಎರಡನೇ ಕೋಣೆಗೆ ಹೋಗಿ 'ಮಧ್ಯಾಹ್ನದ ನಿದ್ದೆ'ಯನ್ನು ಇಳಿಸಿದ. ಬೋರಣ್ಣ ಎದ್ದು ಕೂತು ಸುತ್ತ ಜನರ ಕಾಲುಗಳನ್ನು ನೋಡಿ, ಟೈಮೆಷ್ಟು ಎಂದು ಕೇಳಿದ. ಹನ್ನೊಂದೂಕಾಲು ಎಂದು ಯಾರೋ ಹೇಳಿದರು. ಅವನು ಎದ್ದು ಹೊರಗೆ ಮೆಟ್ಟಿಲ ಮೇಲೆ ಹೋಗಿ ಬಿಸಿಲಿಗೆ ಮುಖವೊಡ್ಡಿ ನಿಂತ. ಪೊಲೀಸರು ಬಂದಾಗಲೂ ಅಲ್ಲೇ ನಿಂತಿದ್ದ.

ನನ್ನನ್ನು ಠಾಣೆಯಲ್ಲಿ ಸಂಜೆವರೆಗೆ ಕೂರಿಸಿದರು. ಕೇಸು ಎರಡು ವರ್ಷ ನಡೆಯಿತು. ಚಿತ್ರಕ್ಕೆ ಏನೂ ಆಗಿಲ್ಲ ಅಂತ ತಜ್ಞರು ಬರೆದುಕೊಟ್ಟ ಮೇಲೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವ್ವನ ಕಾಲಿಗೆ ಏನಾಗಿದೆ ಅಂತ ಬರೆದುಕೊಡಲು ಯಾವ ತಜ್ಞರನ್ನೂ ಕರೆಸಲಿಲ್ಲ. ರುದ್ರಮುನಿಯ ಕೆಲಸ ಹೋಯಿತು. ಈಗ ಅವನು ನನ್ನ ಜೊತೆಗೇ ಇದ್ದಾನೆ, ಮನೆಮನೆಗೆ ಬಟ್ಟೆ ಮುಟ್ಟಿಸುತ್ತಾನೆ. ಸಂಗ್ರಹಾಲಯದ ಪರದೆಗಳು ನಮಗೆ ಬರುವುದಿಲ್ಲ, ಬಂದರೂ ಮುಟ್ಟುವುದಿಲ್ಲ. ಅವ್ವನ ಕಾಲು ಉಳಿಯಿತು. ಕೋಲು ಹಿಡಿದು ಓಣಿಯ ತುದಿಯವರೆಗೆ ಹೋಗಿ ಬರುತ್ತಾಳೆ. ಬಲಗೈ ಮಾತ್ರ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಎತ್ತಬೇಕಾದ ಪ್ರಸಂಗವೂ ಬಂದಿಲ್ಲ, ಯಾಕೆಂದರೆ ಸಮಿತಿಯವರು ಕೊನೆಗೆ ಒಂದು ನಿರ್ಣಯ ಮಾಡಿದರು. ರೂಪದರ್ಶಿ ಬದುಕಿರುವವರೆಗೆ ಆ ಎರಡು ಚಿತ್ರಗಳನ್ನು ಪ್ರದರ್ಶಿಸಬಾರದು. ಊರಿನವರು ಅದನ್ನು ನಮ್ಮ ಗೆಲುವು ಅಂದರು. ವಿಭಾವರಿ ಮೇಡಂ ಪತ್ರಿಕೆಗೆ ಹೇಳಿಕೆ ಕೊಟ್ಟು, ಇದು ಸಂಗ್ರಹಾಲಯದ ಮಾನವೀಯತೆ ಅಂದರು.

ಆದರೆ ಅವರು ಕಾಯುತ್ತಿದ್ದಾರೆ. ಆರು ತಿಂಗಳಿಗೊಮ್ಮೆ ಗುಮಾಸ್ತನೊಬ್ಬನನ್ನು ನಮ್ಮ ಮನೆಗೆ ಕಳಿಸುತ್ತಾರೆ, ರೂಪದರ್ಶಿ ಬದುಕಿದ್ದಾರೋ ಇಲ್ಲವೋ ನೋಡಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡು ಬರಲು. ಹೋದ ವರ್ಷ ಬೋರಣ್ಣ ತೀರಿಕೊಂಡ. ಹದಿನೈದೇ ದಿನದಲ್ಲಿ ಅವನು ಮಲಗಿದ ಚಿತ್ರ ಗೋಡೆಗೇರಿತು. ಕೆಳಗೆ ಒಂದು ಹೂಮಾಲೆಯನ್ನೂ ಹಾಕಿದ್ದರಂತೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ.

ಮೊನ್ನೆ ಗುರುವಾರ ಗುಮಾಸ್ತ ಬಂದ. ಅವ್ವನಿಗೆ ಎರಡು ವಾರದಿಂದ ಕೆಮ್ಮು, ಒಳಗೆ ಮಲಗಿದ್ದಳು. ಅವನು ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಇದ್ದಾರಾ?" ಎಂದು ಕೇಳಿದ. ಕೇಳುವಾಗ ಕತ್ತು ಚಾಚಿ ಒಳಗೆ ಇಣುಕಿದ. ಅವನಿಗೆ ಏನನ್ನಬೇಕೆಂದು ನನಗೆ ಬಾಯಿಗೆ ಬರುವುದರೊಳಗೆ ಒಳಗಿಂದ ಕೋಲಿನ ಸದ್ದು ಕೇಳಿತು. ಅವ್ವ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

"ಬರ್ಕೊಳಪ್ಪ" ಎಂದಳು. "ಇದ್ದೀನಿ."

ಅವನು ನಮೂನೆ ತೆಗೆದು ಮಸಿಯ ಡಬ್ಬಿ ಮುಂದಿಟ್ಟ. ಅವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕಾಗದದ ಮೇಲಿಟ್ಟು 'ಬದುಕಿದ್ದಾರೆ' ಅನ್ನುವ ಕಡೆ ಒತ್ತಿದಳು. ಭುಜದ ಬಲವನ್ನೆಲ್ಲ ಬಿಟ್ಟು ಒತ್ತಿದಳು. ಕಾಗದ ಹರಿಯಿತು.

"ಅಯ್ಯೋ ಅಜ್ಜಿ, ಮೆತ್ತಗೆ" ಎಂದು ಅವನು ಚೀಲದಲ್ಲಿ ಇನ್ನೊಂದು ನಮೂನೆ ಹುಡುಕತೊಡಗಿದ.

ಅವ್ವ ಹೆಬ್ಬೆಟ್ಟಿಗೆ ಮತ್ತೆ ಮಸಿ ಹಚ್ಚಿಕೊಂಡು, "ತಾ" ಎಂದಳು.